ಎರಡು ಬೆರಳು

ದೀಪಾವಳಿಗೆ ಹನ್ನೊಂದು ದಿನ. ರೂವಿಯ ಈ ಗಲ್ಲಿಯಲ್ಲಿ
ಏಸಿಗಳು ಇನ್ನೂ ಗೋಡೆಗುಂಟ ಬೆವರು ಸುರಿಸುತ್ತಿವೆ.
ನನ್ನ ಮಲಗುವ ಕೋಣೆಯೇ ಅಂಗಡಿ.
ಮಂಚದ ಮೇಲೆ ಹದಿನೇಳು ರವಿಕೆ ಖಣ,
ಒಂದೊಂದಕ್ಕೂ ಪಿನ್ನು ಚುಚ್ಚಿದ ಚೀಟಿ,
ಚೀಟಿಯಲ್ಲಿ ಹೆಸರಿಲ್ಲ, ಬರೀ ಮನೆ ನಂಬರು.
ಹಬ್ಬ ಮುಗಿಯುವ ತನಕ ನಮ್ಮವರು
ಹೊರಗೆ ಸೋಫಾದ ಮೇಲೆ.

ಯಾವುದು ಚಂದ ಹೇಳು ನೀಲಕ್ಕ, ಅಂತಾರೆ.
ಕೇಳುವವರು ಆಗಲೇ ಆರಿಸಿರುತ್ತಾರೆ.
ಕೈ ಯಾವ ಸೀರೆಯ ಮೇಲೆ ಎರಡನೇ ಸಲ ಹೋಯಿತೋ
ಅದರ ಹೆಸರು ಹೇಳುತ್ತೇನೆ.
ನಿನ್ನ ಕಣ್ಣು ಅಂದ್ರ ಕಣ್ಣು ನೋಡು, ಅಂತಾರೆ.

ಇನ್ನೂರಾ ನಾಲ್ಕರ ಯಜಮಾನರಿಗೆ ಪಂಚೆ ನಿಲ್ಲುವುದಿಲ್ಲ,
ಸೊಂಟಕ್ಕೆ ವೆಲ್ಕ್ರೋ ಬೇಕು, ಯಾರಿಗೂ ಹೇಳಬಾರದು.
ಅವರ ಮಗಳು ಇಂಚರಾಳಿಗೆ ಲಂಗಕ್ಕೆ ಕಿಸೆ ಬೇಕು.
ಎರಡು ಇಟ್ಟೆ, ಒಂದು ಮೊಬೈಲಿಗೆ,
ಇನ್ನೊಂದು ಅವಳವ್ವನಿಗೆ ಕಾಣದ್ದಕ್ಕೆ.
ಕೆಳಗಿನ ಮನೆಯ ಬುಥೈನಾ
ನನ್ನ ಹರಿದ ಇಳಕಲ್ಲಿನ ಸೆರಗು ಹಿಡಿದು, ಈ ತೆನಿ
ನನ್ನ ಸಿರ್ವಾಲಿನ ಕಾಲಂಚಿಗೆ ಬೇಕು ಎಂದಳು.
ತಲೆಯ ಮೇಲೆ ಹೊದ್ದದ್ದು ಕಾಲಿಗಾ?
ಒಂದು ರಾತ್ರಿ ಯೋಚಿಸಿದೆ. ಬೆಳಿಗ್ಗೆ ಕತ್ತರಿ ಹಾಕಿದೆ.
ಹಬ್ಬ ಅವಳದಲ್ಲ, ನಿಜ. ಆದರೆ ನಮ್ಮ ಹಬ್ಬದೂಟಕ್ಕೆ
ಹೇಳಿದ ಹೊತ್ತಿಗೆ ಬರುವವಳು ಅವಳೊಬ್ಬಳೇ.

ನನಗೆ ಹೊಲಿಗೆ ಕಲಿಸಿದ ಬೆಟಗೇರಿಯ ಕಾಶಕ್ಕ
ನೂರು ಸಲ ಹೇಳಿದ್ದು ಒಂದೇ ಮಾತು:
ಬಗಲಾಗ ಎರಡು ಬೆರಳು ಬಟ್ಟಿ ಒಳಗ ಬಿಡು,
ಹೆಣ್ಣುಮಗಳು ಹಿಗ್ಗತಾಳ.
ಮೈ ಹಿಗ್ಗುವುದೋ ಮನಸ್ಸು ಹಿಗ್ಗುವುದೋ
ನಾನು ಕೇಳಲಿಲ್ಲ, ಅವಳು ಬಿಡಿಸಿ ಹೇಳಲಿಲ್ಲ.
ಹೋದ ವರ್ಷದ ರವಿಕೆಗಳನ್ನು ಈ ವರ್ಷ ಬಿಚ್ಚುವಾಗ
ಒಳಗಿನ ಬಟ್ಟೆ ಹೊರಗಿನದಕ್ಕಿಂತ ಹೊಸದಾಗಿರುತ್ತದೆ.

ನಿನ್ನೆ ಸಂಜೆ ಪ್ರಫುಲ್ಲಾ ಬಂದಳು, ಎರಡು ವರ್ಷದ ಮೇಲೆ.
ಮೂರು ಸೀರೆ ಬಿಚ್ಚಿ ಹಾಸಿದಳು:
ಮದುವೆಯ ಗಿಣಿಹಸಿರು, ಮತ್ರಾದಲ್ಲಿ ಕೊಂಡ ಜಾರ್ಜೆಟ್ಟು,
ಕಸೂತಿಯ ಕಪ್ಪು ಚಂದ್ರಕಾಳಿ.
ಯಾವುದು ಚಂದ ಅಂತ ಕೇಳಲಿಲ್ಲ.
ಕೈ ಯಾವುದರ ಮೇಲೂ ಎರಡನೇ ಸಲ ಹೋಗಲಿಲ್ಲ.
ಹಳೇ ರವಿಕಿ ಅಳತಿಗೆ ಕೊಡು, ಅಂದೆ.
ಅದು ಆಗಂಗಿಲ್ಲ, ಅಂದಳು.
ಬಾಗಿಲ ಚಿಲಕ ತಾನೇ ಹಾಕಿದಳು.

ಟೇಪು ಬೆನ್ನು ಬಳಸಿ ಬಲಗಡೆಯಿಂದ ಬಂತು,
ಎಡಗಡೆ ಸಪಾಟಾಗಿ ಹೋಯಿತು.
ಮೂವತ್ತೊಂದೂವರೆ, ಬರೆದುಕೊಂಡೆ.
ನನ್ನ ಬಾಯಲ್ಲಿ ಮೂರು ಗುಂಡುಪಿನ್ನಿದ್ದವು, ಪುಣ್ಯ,
ಮಾತಾಡುವ ಹಾಗಿರಲಿಲ್ಲ.
ಆಸ್ಪತ್ರ್ಯಾಗ ಕೊಟ್ಟದ್ದು ಈ ಸೆಕಿಗೆ ಅಂಟತದ,
ಹತ್ತಿ ಇಟ್ಟರ ಆಗತದೇನು?
ತಲೆಯಾಡಿಸಿದೆ.
ಆಮೇಲೆ ಪಿನ್ನು ಉಗುಳಿ, ಗಿಣಿಹಸಿರು ಉಡು ಅಂದೆ.
ಯಾರ ಕೈಯನ್ನೂ ನೋಡದೆ ನಾನು ಆರಿಸಿದ್ದು ಇದೇ ಮೊದಲು.
ಇಲ್ಲ, ಕಪ್ಪು, ಅಂದಳು.
ಹಬ್ಬಕ್ಕ ಕಪ್ಪೇನ?
ಈ ಊರಾಗ ಅರ್ಧ ಮಂದಿ ಕಪ್ಪು ತೊಟ್ಟೇ ಹಬ್ಬ ಮಾಡತಾರಲ್ಲ,
ಅಂದು ನಕ್ಕಳು. ನಕ್ಕಾಗ ಟೇಪು ಒಂದು ಗೆರೆ ಸರಿಯಿತು.
ನಾನು ಅಳಿಸಿ ಬರೆದೆ. ಮೂವತ್ತೆರಡು.

ರಾತ್ರಿ ದಿಂಬು ಬಿಚ್ಚಿದೆ, ಊರ ಹತ್ತಿಯದು,
ಕೈಯಲ್ಲಿ ಹಿಂಜಿ ಹಿಂಜಿ ಹಗುರ ಮಾಡಿದೆ.
ಅಸ್ತರಿನೊಳಗೆ ಎಡಗಡೆಗೊಂದು ಕಿಸೆ,
ಒಗೆಯುವಾಗ ಹತ್ತಿ ತೆಗೆಯಲು ಒಂದೇ ಗುಂಡಿ.
ಚಂದ್ರಕಾಳಿಯ ಅಂಚು ತಿರುವಿ ನೋಡಿದೆ:
ಗಂಟಿಲ್ಲದ ಕಸೂತಿ, ಒಳಗೂ ಹೊರಗೂ ಒಂದೇ.
ರವಿಕೆಗೆ ಹಾಗೆ ಬರುವುದಿಲ್ಲ.
ಬಗಲಲ್ಲಿ ಎರಡು ಬೆರಳು ಬಟ್ಟೆ ಬಿಟ್ಟೆ.
ಅಲ್ಲ, ಮೂರು.

ಬೆಳಿಗ್ಗೆ ನಮ್ಮವರು ಕುತ್ತಿಗೆ ಹಿಡಿದುಕೊಂಡು ಬಂದರು.
ನನ್ನ ದಿಂಬು ಎಲ್ಲಿ?
ಮುನ್ನೂರಾ ಒಂಬತ್ತಕ್ಕೆ ಹೋಗಿದೆ, ಅಂದೆ.
ಮಿಶಿನ್ನಿಗೆ ಎಣ್ಣೆ ಬಿಟ್ಟೆ.
ಇನ್ನೂ ಹದಿನಾರು ರವಿಕೆ ಇತ್ತು.